ಕೂಸಿನ ಕಣ್ಣು: ನಂಬಿದ್ದೇನು, ನಿಜವೇನು

ಬಾಳಗಡಿಯಿರಲಿ, ಶೃಂಗೇರಿ, ನರಸಿಂಹರಾಜಪುರದ ಕಡೆಯಿರಲಿ, ಕೂಸಿರುವ ಮನೆಗೆ ಕಣ್ಣಿನ ಬಗ್ಗೆ ಬುದ್ಧಿಮಾತು ಪುಕ್ಕಟೆ ಬರುತ್ತದೆ. ನಾವೂ ಅದನ್ನು ನಂಬಿಕೊಂಡೇ ಬೆಳೆದವರು.

ತಪ್ಪು ಕಲ್ಪನೆ: ಮಾತು ಬಾರದ ಮಗುವಿನ ಕಣ್ಣು ಪರೀಕ್ಷಿಸಲಾಗದು, ಅಕ್ಷರ ಕಲಿತ ಮೇಲೆ ನೋಡಿದರಾಯಿತು.

ವಾಸ್ತವ: ಅಕ್ಷರ ಬೇಕಿಲ್ಲ. ಪಾಪೆ ಹಿಗ್ಗಿಸುವ ಹನಿ ಹಾಕಿ, ಬೆಳಕು ಹಾಯಿಸಿ, ಹಸುಗೂಸಿನ ಕಣ್ಣಿನ ಪವರ್ ಕೂಡ ವೈದ್ಯರು ಅಳೆಯುತ್ತಾರೆ. ಅಪಾಯವಿರುವುದು ಕಾಯುವುದರಲ್ಲಿ. ಮಿದುಳು ನೋಡಲು ಕಲಿಯುವುದು ಮುಖ್ಯವಾಗಿ ಮೊದಲ ಏಳೆಂಟು ವರ್ಷಗಳಲ್ಲಿ. ಆಗ ಒಂದು ಕಣ್ಣು ಮಸುಕಾಗಿದ್ದರೆ ಮಿದುಳು ಅದನ್ನು ಕೈಬಿಟ್ಟು ಇನ್ನೊಂದನ್ನೇ ನೆಚ್ಚಿಕೊಳ್ಳುತ್ತದೆ. ಸೋಮಾರಿ ಕಣ್ಣು ಎನ್ನುವುದು ಇದನ್ನೇ. ಮಗು ದೂರುವುದಿಲ್ಲ. ತೋಟದಲ್ಲಿ ಓಡುತ್ತದೆ, ಉದುರಿದ ಅಡಿಕೆ ಹೆಕ್ಕುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ. ಆಡಿಸುವಾಗ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಒಂದನ್ನು ಮುಚ್ಚಿದಾಗ ಮಾತ್ರ ರಂಪ ಮಾಡಿದರೆ ಇನ್ನೊಂದರಲ್ಲಿ ತೊಂದರೆಯಿರಬಹುದು. ಬೇಗ ಗೊತ್ತಾದರೆ ಕನ್ನಡಕ, ಚೆನ್ನಾಗಿರುವ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ, ಇವುಗಳಿಂದಲೇ ಬಹಳಷ್ಟು ದೃಷ್ಟಿ ಮರಳುತ್ತದೆ. ದೊಡ್ಡವರಾದ ಮೇಲೆ ಎಂಥ ಕನ್ನಡಕ ಕೊಟ್ಟರೂ ಅಷ್ಟು ಫಲವಿಲ್ಲ.

ತಪ್ಪು ಕಲ್ಪನೆ: ಮೆಳ್ಳೆಗಣ್ಣು ಅದೃಷ್ಟ, ಬೆಳೆಯುತ್ತ ಸರಿಹೋಗುತ್ತದೆ.

ವಾಸ್ತವ: ಮೊದಲ ಮೂರ್ನಾಲ್ಕು ತಿಂಗಳು ಕಣ್ಣು ಆಗೀಗ ವಾರೆಯಾಗುವುದು ಸಹಜ. ಆಮೇಲೂ ಉಳಿದರೆ ತೋರಿಸಲೇಬೇಕು. ಅದೃಷ್ಟ ಬರುವುದು ಹಾಗಿರಲಿ, ದೃಷ್ಟಿ ಹೋದೀತು.

ತಪ್ಪು ಕಲ್ಪನೆ: ಕಾಡಿಗೆಯಿಂದ ಕಣ್ಣು ದೊಡ್ಡದಾಗುತ್ತದೆ, ಎದೆಹಾಲು, ನಂದಿಬಟ್ಟಲಿನ ರಸ ಕಣ್ಣಿಗೆ ತಂಪು.

ವಾಸ್ತವ: ಕಾಡಿಗೆಯಿಂದ ಯಾವ ಕಣ್ಣೂ ದೊಡ್ಡದಾಗಿಲ್ಲ. ಹಚ್ಚುವ ಬೆರಳಿನ ಕೊಳೆ ಒಳಗೆ ಹೋಗುತ್ತದೆ, ಅಂಗಡಿಯ ಕೆಲವು ಕಾಡಿಗೆಗಳಲ್ಲಿ ಸೀಸವೂ ಇರುತ್ತದೆ. ಹಾಲು, ಹೂವಿನ ರಸದಿಂದಲೂ ಸೋಂಕು ತಗಲಬಹುದು. ನಂದಿಬಟ್ಟಲು ದೇವರ ಮುಡಿಗೇ ಚೆಂದ. ದೃಷ್ಟಿಬೊಟ್ಟು ಬೇಕೇ ಬೇಕೆಂದು ಅಜ್ಜಿ ಹಟ ಹಿಡಿದರೆ ಅಂಗಾಲಿಗಿಡಿ, ಜಗಳ ಬೇಡ.

ತಪ್ಪು ಕಲ್ಪನೆ: ಚಿಕ್ಕಂದಿನಲ್ಲೇ ಕನ್ನಡಕ ಹಾಕಿದರೆ ಪವರ್ ಏರುತ್ತದೆ.

ವಾಸ್ತವ: ಪವರ್ ಏರುವುದು ಕಣ್ಣು ಬೆಳೆಯುವುದರಿಂದ, ಕನ್ನಡಕದಿಂದಲ್ಲ.

ತಪ್ಪು ಕಲ್ಪನೆ: ಪೊರೆ, ಕಣ್ಣಿನ ಶಿಬಿರ ಎಲ್ಲ ಅಜ್ಜ-ಅಜ್ಜಿಯರಿಗೆ.

ವಾಸ್ತವ: ಡಾ. ಎಂ.ಸಿ. ಮೋದಿಯವರು (1916–2005) ಊರೂರಲ್ಲಿ ಶಿಬಿರ ನಡೆಸಿ ಪೊರೆ ತೆಗೆದದ್ದನ್ನು ಕಂಡ ನಮಗೆ ಹಾಗನ್ನಿಸುವುದು ತಪ್ಪಲ್ಲ. ಆದರೆ ಪೊರೆ ಹುಟ್ಟುವಾಗಲೇ ಇರಬಹುದು. ಪಾಪೆಯಲ್ಲಿ, ಫೋಟೋದಲ್ಲಾದರೂ ಸರಿ, ಬಿಳಿ ಹೊಳಪು ಕಂಡರೆ ತಡಮಾಡದೆ ತೋರಿಸಿ. ಅದು ಕಣ್ಣಿನ ಕ್ಯಾನ್ಸರ್ ಕೂಡ ಆಗಿರಬಹುದು. ಅವಧಿಗೆ ಮುಂಚೆ ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕದ ಕೂಸಿನ ಅಕ್ಷಿಪಟಲವನ್ನು 30 ದಿನದೊಳಗೆ ಪರೀಕ್ಷಿಸಬೇಕು.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳಿಗೆ ವರ್ಷಕ್ಕೆರಡು ಬಾರಿ ತಪಾಸಣೆಯಿದೆ. ಮಳೆ ಜೋರು, ದಾರಿ ದೂರ ಎಂದು ಆ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ.