ಊರಲ್ಲಿರುವ ಅಮ್ಮನ ದುಡ್ಡಿನ ಲೆಕ್ಕ, ವೀಡಿಯೊ ಕರೆಯಲ್ಲಿ ಪರೀಕ್ಷೆ

ಇವತ್ತಿನ ಸಂಚಿಕೆ ನನ್ನ ಮನೆಯಿಂದಲೇ ಶುರುವಾಗುತ್ತೆ. ಅಮ್ಮನಿಗೆ 74 ವರ್ಷ, ಶಿವಮೊಗ್ಗದಲ್ಲಿ ಒಬ್ಬರೇ ಇದ್ದಾರೆ. ನಾನು ಬೆಂಗಳೂರಲ್ಲಿ. ಮೊನ್ನೆ ಅವರು ಒಂದೇ ಕರೆಂಟ್ ಬಿಲ್ಲನ್ನ ಎರಡು ಸಲ ಕಟ್ಟಿದ್ದರು. ಕೇಳಿದರೆ, "ಕಟ್ಟಿದ್ದು ಮರೆತೋಗಿತ್ತು ಕಣೋ, ಅದಕ್ಕೇನೀಗ?" ಅಂದರು. ಹೌದು, ದುಡ್ಡೇನೂ ಎಲ್ಲೂ ಹೋಗಲ್ಲ, ಮುಂದಿನ ಬಿಲ್‌ನಲ್ಲಿ ವಜಾ ಆಗುತ್ತೆ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯಾಕೆ ಅಂದರೆ, ದುಡ್ಡಿನ ವ್ಯವಹಾರಕ್ಕೆ ನೆನಪು, ಗಮನ, ಲೆಕ್ಕ, ವಿವೇಚನೆ ಎಲ್ಲವೂ ಒಟ್ಟಿಗೆ ಬೇಕು. ಹಾಗಾಗಿ ಅಡುಗೆ, ಸ್ನಾನ ಎಲ್ಲ ಸರಿಯಾಗಿ ನಡೀತಿರುವಾಗಲೇ ಲೆಕ್ಕದಲ್ಲಿ ಎಡವಟ್ಟು ಕಾಣಿಸಬಹುದು. 2020ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಒಂಟಿಯಾಗಿ ಬದುಕುತ್ತಿದ್ದ ಹಿರಿಯರಲ್ಲಿ, ಮರೆವಿನ ಕಾಯಿಲೆ (ಡಿಮೆನ್ಶಿಯಾ) ಪತ್ತೆಯಾಗುವ ಆರು ವರ್ಷ ಮೊದಲಿಂದಲೇ ಬಿಲ್ ಬಾಕಿ ಉಳಿಯುವುದು ಹೆಚ್ಚಾಗಿತ್ತು ಅನ್ನೋದು ಅದರಲ್ಲಿ ಕಂಡಿತ್ತು.

ಇದನ್ನ ಅಳೆಯುವ ಪ್ರಯತ್ನ ಹೊಸದಲ್ಲ. ಲಾಟನ್ ಮತ್ತು ಬ್ರಾಡಿ 1969ರಲ್ಲಿ ಮಾಡಿದ ದಿನನಿತ್ಯದ ಕೆಲಸಗಳ ಪಟ್ಟಿಯಲ್ಲೇ ಹಣ ನಿಭಾಯಿಸೋದು ಸೇರಿತ್ತು. 2000ದಲ್ಲಿ ಅಲಬಾಮಾದ ಡೇನಿಯಲ್ ಮಾರ್ಸನ್ ತಂಡ ಹಣಕಾಸಿನ ಸಾಮರ್ಥ್ಯಕ್ಕೆಂದೇ ಒಂದು ಪರೀಕ್ಷೆ ರೂಪಿಸಿತು. ಚಿಲ್ಲರೆ ಎಣಿಸೋದು, ಬಿಲ್ ಓದೋದು, ಮೋಸ ಗುರುತಿಸೋದು, ಹೀಗೆ.

ನಮ್ಮಮ್ಮನ ಜೊತೆ ಮನೋವಿಜ್ಞಾನಿಯೊಬ್ಬರು ವೀಡಿಯೊ ಕರೆಯಲ್ಲಿ ಮಾತಾಡಿದರು. ಮೊದಲು ಕೇಳಿದ್ದು, "ನಾನು ಹೇಳೋದು ಕೇಳ್ತಿದೆಯಾ? ಕನ್ನಡಕ ಹಾಕ್ಕೊಂಡಿದ್ದೀರಾ?" ಇದು ಬರೀ ಸೌಜನ್ಯ ಅಲ್ಲ. ಕಿವಿ ಮಂದ, ಕಣ್ಣಿಗೆ ಪೊರೆ, ನೆಟ್‌ವರ್ಕ್ ಕಡಿತ, ಇದರಲ್ಲಿ ಯಾವುದಿದ್ದರೂ ತಪ್ಪು ಉತ್ತರ ಬರುತ್ತೆ, ಅದು ಬುದ್ಧಿಯ ತಪ್ಪಾಗಿ ದಾಖಲಾಗುತ್ತೆ. ಪಕ್ಕದಲ್ಲಿ ಕೂತ ಮಕ್ಕಳು ಪಿಸುಗುಟ್ಟಿದರೆ ಅದರ ಉಲ್ಟಾ. ನನ್ನನ್ನಂತೂ ಕರೆಯಿಂದ ಹೊರಗೇ ಇಟ್ಟಿದ್ದರು, ಆಮೇಲೆ ಅಮ್ಮನ ಒಪ್ಪಿಗೆ ಪಡೆದು ನಡೆದದ್ದನ್ನ ಹೇಳಿದರು.

"140 ರೂಪಾಯಿ ತರಕಾರಿಗೆ 500ರ ನೋಟು ಕೊಟ್ಟರೆ ಚಿಲ್ಲರೆ ಎಷ್ಟು?" ಅಮ್ಮ ತಕ್ಷಣ, "360. ಒಬ್ಬಳಿಗೆ ಅಷ್ಟು ತರಕಾರಿ ಯಾಕೆ?" ಅಂದರಂತೆ. ಪರದೆ ಮೇಲೆ ತೋರಿಸಿದ ಮಾದರಿ ಬಿಲ್‌ನಲ್ಲಿ ಕೊನೆ ದಿನಾಂಕವನ್ನೂ ಸರಿಯಾಗಿ ಹುಡುಕಿದರು. ಆಮೇಲೆ ಒಂದು ಸನ್ನಿವೇಶ: ಪೊಲೀಸ್ ಅಂತ ಹೇಳ್ಕೊಂಡು ಒಬ್ಬ ಫೋನ್ ಮಾಡಿ, ನಿಮ್ಮ ಮೇಲೆ ಕೇಸಿದೆ, ದುಡ್ಡು ಹಾಕಿ ಅಂದರೆ? ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪೊಲೀಸ್ನೋರು ಅಂದ್ಮೇಲೆ ಹಾಕಲೇಬೇಕಲ್ವಾ" ಅಂದರು. ಲೆಕ್ಕ ಗಟ್ಟಿ, ಹೆದರಿಕೆ ಮುಂದೆ ವಿವೇಚನೆ ಮಣಿಯುತ್ತೆ. ಬರೀ ಕೂಡಿ ಕಳೆಯೋದು ನೋಡಿದ್ದರೆ ಇದು ಗೊತ್ತೇ ಆಗ್ತಿರಲಿಲ್ಲ. (ಡಿಜಿಟಲ್ ಅರೆಸ್ಟ್ ಅನ್ನೋದು ನಮ್ಮ ಕಾನೂನಿನಲ್ಲೇ ಇಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.)

ಒಂದು ಎಚ್ಚರಿಕೆ. ಇಂಥ ಪರೀಕ್ಷೆಗೆ ನಿಜವಾದ ಪಿನ್, ಓಟಿಪಿ, ಖಾತೆ ಸಂಖ್ಯೆ ಯಾವುದೂ ಬೇಕಾಗಲ್ಲ. ಕೇಳಿದರೆ ಕರೆ ಕಟ್ ಮಾಡಿ.

ಇನ್ನೊಂದು ವಿಷಯ ನಮ್ಮಲ್ಲಿ ಬಹಳ ಮುಖ್ಯ. ಎಷ್ಟೋ ಮನೆಗಳಲ್ಲಿ ಬ್ಯಾಂಕಿನ ಕೆಲಸವನ್ನೆಲ್ಲ ಗಂಡನೇ ನೋಡಿರ್ತಾರೆ. ಅವರು ಹೋದಮೇಲೆ ಎಟಿಎಂ ಮುಂದೆ ತಡವರಿಸುವ ಅಜ್ಜಿಗೆ ಮರೆವಿನ ಕಾಯಿಲೆ ಅನ್ನೋಕಾಗಲ್ಲ, ಅವರು ಅದನ್ನ ಕಲಿತೇ ಇರಲಿಲ್ಲ. ಯುಪಿಐ ಬರದವರೂ ಸಂತೆಯಲ್ಲಿ ಒಂದು ರೂಪಾಯಿ ಬಿಡದೆ ಚೌಕಾಸಿ ಮಾಡ್ತಾರೆ. ಅದಕ್ಕೇ ಹೋಲಿಕೆ ಪಕ್ಕದ ಮನೆಯವರ ಜೊತೆ ಬೇಡ. ಅವರೇ ಐದು ವರ್ಷದ ಹಿಂದೆ ಹೇಗೆ ಮಾಡ್ತಿದ್ದರು, ಈಗ ಹೇಗೆ ಅಂತ ನೋಡಬೇಕು.

ಒಂದು ಕರೆಯಿಂದ ಕಾಯಿಲೆ ತೀರ್ಮಾನ ಆಗಲ್ಲ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕೆಲವು ಮಾತ್ರೆಗಳಿಂದಲೂ ಹೀಗಾಗಬಹುದು. ಎರಡೇ ದಿನದಲ್ಲಿ ಗೊಂದಲ ಶುರುವಾದರೆ ಸೋಂಕೂ ಇರಬಹುದು, ಕಾಯದೆ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಅಮ್ಮನ ರಕ್ತ ಪರೀಕ್ಷೆ ವರದಿ ಇನ್ನೂ ಬರಬೇಕು.

ಎಟಿಎಂ ಕಾರ್ಡ್ ನಾನು ಇಸ್ಕೊಂಡಿಲ್ಲ. ಯುಪಿಐ ದಿನದ ಮಿತಿ ಮಾತ್ರ ಕಡಿಮೆ ಮಾಡಿದ್ದೀವಿ, ಖಾತೆಯಿಂದ ದುಡ್ಡು ಹೋದರೆ ನನಗೂ ಗೊತ್ತಾಗೋ ಹಾಗೆ ಮಾಡೋಣ ಅಂತ ಕೇಳಿದೆ. ಅಮ್ಮ ಒಂದು ಷರತ್ತು ಹಾಕಿದರು: "ಎಷ್ಟು ಹೋಯ್ತು ಅಂತ ನೋಡ್ಕೋ. ಏನು ತಗೊಂಡೆ ಅಂತ ಮಾತ್ರ ಕೇಳಬೇಡ." ಒಪ್ಕೊಂಡಿದ್ದೀನಿ.