ಎಂಟು ಸೊನ್ನೆಯಿಂದ ಕಂಚಿನವರೆಗೆ

1901. ಆಂಟ್‌ವರ್ಪ್. ಬೆಲ್ಜಿಯಂ ವಿರುದ್ಧ ಆಡಲು ಬಂದ ಡಚ್ ಫುಟ್‌ಬಾಲ್ ಆಯ್ಕೆ ತಂಡ 8-0ಯಿಂದ ಮಣ್ಣು ಮುಕ್ಕಿತು. ಆದರೆ ಈ ಸೋಲು ಅಧಿಕೃತ ದಾಖಲೆಯಲ್ಲಿಲ್ಲ. ಕಾರಣ? ‘ಬೆಲ್ಜಿಯಂ’ ತಂಡದಲ್ಲಿ ಇಂಗ್ಲಿಷ್ ಆಟಗಾರರೂ ಇದ್ದರು! ಡಚ್ಚರ ಪಾಲಿಗೆ ಇದೊಂದು ಅನುಕೂಲದ ನಿಯಮವೇ ಸರಿ.

ನೆದರ್‌ಲ್ಯಾಂಡ್ಸ್‌ನ ಮೊದಲ ಅಧಿಕೃತ ಪಂದ್ಯ ನಡೆದದ್ದು 1905ರ ಏಪ್ರಿಲ್ 30ರಂದು. ಅದೇ ಆಂಟ್‌ವರ್ಪ್, ಅದೇ ಎದುರಾಳಿ. ತಂಡ ಕಟ್ಟಿದವರು ಕೇಸ್ ವಾನ್ ಹಾಸೆಲ್ಟ್.

ಬಹಳ ಹೊತ್ತು ಗೋಲೇ ಇಲ್ಲ. ಕೊನೆಗೆ ಎಡ್ಡಿ ಡಿ ನೇವೆ ಖಾತೆ ತೆರೆದರು. ಸಂಭ್ರಮ ಮುಗಿಯುವ ಮೊದಲೇ ಡಚ್ ರಕ್ಷಣಾ ಆಟಗಾರ ಬೆನ್ ಸ್ಟಾಮ್ ಚೆಂಡನ್ನು ತಮ್ಮದೇ ಗೋಲಿಗೆ ತಳ್ಳಿಬಿಟ್ಟರು. 1-1. ಹೆಚ್ಚುವರಿ ಸಮಯ ಶುರು. ಅಲ್ಲಿ ಡಿ ನೇವೆಯದೇ ದರ್ಬಾರು: ಇನ್ನೂ ಮೂರು ಗೋಲು! ಫಲಿತಾಂಶ 4-1. ಅಂದರೆ ಆ ದಿನದ ಐದೂ ಗೋಲುಗಳು ಡಚ್ಚರ ಕಾಲಿನಿಂದಲೇ.

ಬಟಾವಿಯಾ, ಅಂದರೆ ಇಂದಿನ ಜಕಾರ್ತಾದಲ್ಲಿ ಹುಟ್ಟಿದ ಡಿ ನೇವೆ ಸೈನ್ಯಾಧಿಕಾರಿ; ಮುಂದೆ ಮೂಕಿ ಚಿತ್ರಗಳಲ್ಲೂ ನಟಿಸಿದರು.

ಆ ಮೊದಲ ಪಂದ್ಯದ ನಂತರ ಎರಡೇ ವಾರಕ್ಕೆ ರಾಟರ್‌ಡ್ಯಾಮ್‌ನಲ್ಲಿ ಬೆಲ್ಜಿಯಂಗೆ ಮತ್ತೆ 4-0 ಪೆಟ್ಟು. ಆದರೆ ಆ ಜಂಬ ಬಹಳ ದಿನ ಉಳಿಯಲಿಲ್ಲ. 1907ರ ಡಿಸೆಂಬರ್‌ನಲ್ಲಿ ಡಾರ್ಲಿಂಗ್‌ಟನ್‌ನಲ್ಲಿ ಇಂಗ್ಲೆಂಡಿನ ಹವ್ಯಾಸಿ ತಂಡ ಡಚ್ಚರನ್ನು 12-2ರಿಂದ ಬಗ್ಗುಬಡಿಯಿತು.

1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅದೃಷ್ಟವೂ ಕೈಹಿಡಿಯಿತು. ಹಂಗೇರಿ ಹಿಂದೆ ಸರಿದದ್ದರಿಂದ ಆಡದೆಯೇ ಸೆಮಿಫೈನಲ್! ಅಲ್ಲಿ ಬ್ರಿಟನ್‌ಗೆ ಸೋತರೂ, ಸ್ವೀಡನ್ ತಂಡವನ್ನು 2-0ಯಿಂದ ಮಣಿಸಿ ಡಚ್ಚರು ಕಂಚು ಗೆದ್ದರು.