ತಂತಿಸಹಿತ ಹಾಗೂ ತಂತಿರಹಿತ ಗೃಹಭದ್ರತಾ ಕ್ಯಾಮೆರಾಗಳು

ಮನೆಯ ಕಾವಲಿಗೆ ಅಳವಡಿಸುವ ಕ್ಯಾಮೆರಾಗಳು ದೃಶ್ಯವನ್ನು ರವಾನಿಸುವ ಮಾರ್ಗಕ್ಕನುಗುಣವಾಗಿ ತಂತಿಸಹಿತ, ತಂತಿರಹಿತ ಎಂದು ಎರಡು ಬಗೆ. ತಿಪಟೂರು ತಾಲ್ಲೂಕಿನ ನೊಣವಿನಕೆರೆಯಂತಹ ತೆಂಗಿನ ಸೀಮೆಯಲ್ಲಿ ಈ ಆಯ್ಕೆ ಅಲಕ್ಷಿಸುವಂಥದ್ದಲ್ಲ. ಉಂಡೆ ಕೊಬ್ಬರಿಗಾಗಿ ತೆಂಗಿನಕಾಯಿಗಳನ್ನು 8ರಿಂದ 12 ತಿಂಗಳು ಅಟ್ಟದಲ್ಲಿ ಒಣಗಲು ಬಿಡುವುದರಿಂದ, ಕುಟುಂಬದ ವರ್ಷದ ವರಮಾನವೇ ಅಲ್ಲಿ ಕೂಡಿರುತ್ತದೆ.

‘ತಂತಿರಹಿತ’ ಎಂಬ ಹೆಸರು ತುಸು ದಾರಿತಪ್ಪಿಸುವಂಥದ್ದು. ಇವುಗಳಲ್ಲಿ ಹಲವಕ್ಕೆ ವಿದ್ಯುತ್ ತಂತಿ ಬೇಕೇ ಬೇಕು. ವೈಫೈ ಮೂಲಕ ಸಾಗುವುದು ದೃಶ್ಯ ಮಾತ್ರ. ಕರೆಂಟು ಹೋಗಿ ರೂಟರ್ ಆರಿದರೆ, ಬ್ಯಾಟರಿಯುಳ್ಳ ವೈಫೈ ಕ್ಯಾಮೆರಾ ಸಹ ಮೊಬೈಲಿಗೆ ಎಚ್ಚರಿಕೆ ಕಳುಹಿಸಲಾರದು. ಮೆಮೊರಿ ಕಾರ್ಡಿನಲ್ಲಿ ದೃಶ್ಯ ಉಳಿದೀತು. ಕಳ್ಳನು ಕ್ಯಾಮೆರಾವನ್ನೇ ಕಿತ್ತೊಯ್ದರೆ ಅದೂ ಇಲ್ಲ. ಹಳೆಯ ಮನೆಗಳ ದಪ್ಪ ಗೋಡೆಗಳು ಸಂಕೇತವನ್ನು ಕುಗ್ಗಿಸುತ್ತವೆ. ಆದರೂ ಅಳವಡಿಕೆ ಸುಲಭವಾದ್ದರಿಂದ ಬಾಡಿಗೆ ಮನೆಗಳಿಗೆ ಇವು ಅನುಕೂಲ.

ಅಟ್ಟದ ಕಾವಲಿಗೆ ತಂತಿಸಹಿತ ವ್ಯವಸ್ಥೆಯೇ ಲೇಸು. ‘ಪವರ್ ಓವರ್ ಈಥರ್ನೆಟ್’ ವಿಧಾನದಲ್ಲಿ ಒಂದೇ ಕೇಬಲ್ ವಿದ್ಯುತ್ತನ್ನೂ ದೃಶ್ಯವನ್ನೂ ಸುಮಾರು 100 ಮೀಟರ್‌ವರೆಗೆ ಒಯ್ಯುತ್ತದೆ. ಮುದ್ರಣಯಂತ್ರವನ್ನು, ಎಂದರೆ ರೆಕಾರ್ಡರನ್ನು, ಬೀಗ ಹಾಕಿದ ಕೋಣೆಯಲ್ಲಿರಿಸಿ, ಅದಕ್ಕೂ ಕೇಬಲ್‌ಗಳಿಗೆ ವಿದ್ಯುತ್ ಒದಗಿಸುವ ಸ್ವಿಚ್‌ಗೂ ಯುಪಿಎಸ್ ಜೋಡಿಸಿದರೆ ಕತ್ತಲಲ್ಲಿಯೂ ಕಾವಲು ನಿಲ್ಲದು. ಕಾಯಿಯ ಆಸೆಗೆ ಅಟ್ಟಕ್ಕೆ ಬರುವ ಇಲಿಗಳು ಕೇಬಲ್ಲನ್ನೂ ಕಡಿಯುವುದರಿಂದ ಅದನ್ನು ಪೈಪಿನೊಳಗೆ ಎಳೆಯಬೇಕು. ಸಿಡಿಲಿನ ಕಾಲದಲ್ಲಿ ಹೊರಗೆ ಹಾಯ್ದ ಉದ್ದನೆಯ ತಂತಿ ಅಪಾಯಕಾರಿ. ಅದಕ್ಕೆ ಸರ್ಜ್ ರಕ್ಷಕವೂ ಭೂಸಂಪರ್ಕವೂ ಅಗತ್ಯ.

ತೋಟದ ಮಾತು ಬೇರೆ. ತಂತಿ ಮುಟ್ಟದಷ್ಟು ದೂರದಲ್ಲಿ ಸಿಮ್ ಕಾರ್ಡಿನ ಸೌರ ಕ್ಯಾಮೆರಾವೇ ಗತಿ. ಅದರ ಫಲಕವನ್ನು ಮರಗಳ ನೆರಳು ಬೀಳದೆಡೆ ನಿಲ್ಲಿಸಬೇಕು. ಗಾಳಿಗೆ ತೂಗುವ ಗರಿಗಳು ನೋಟಕ್ಕೆ ಅಡ್ಡ ಬಂದರೆ ಸುಳ್ಳು ಎಚ್ಚರಿಕೆಗಳಲ್ಲೇ ಬ್ಯಾಟರಿ ಬರಿದಾಗಬಹುದು.